ವಿಪಿಎನ್ ಕನೆಕ್ಟ್ ಆಗಿದೆ, ಕಚೇರಿಯ ಕಂಪ್ಯೂಟರ್ ಮಾತ್ರ ಕಾಣುತ್ತಿಲ್ಲ

ಮಳೆಗಾಲ ಹತ್ತಿರ ಬಂದಂತೆ ಘಟ್ಟದ ಮೇಲಿನಿಂದಲೂ ಕರಾವಳಿಯಿಂದಲೂ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಒಂದೇ ವಿಷಯ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ: ಮನೆಯಲ್ಲಿ ಕುಳಿತು ಕಚೇರಿಯ ಕಂಪ್ಯೂಟರನ್ನು ಬಳಸುವುದು ಹೇಗೆ? ಆ ಬಗೆಯ ಪತ್ರಗಳಲ್ಲಿ ಆರನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇನೆ. ಮೊದಲನೆಯದಕ್ಕೆ ಉತ್ತರ ಉದ್ದವಾಗಿದೆ. ಏಕೆಂದರೆ ಉಳಿದವರಲ್ಲೂ ಹಲವರ ತೊಂದರೆಯ ಬೇರು ಅಲ್ಲಿಯೇ ಇದೆ.

ಪ್ರಶ್ನೆ: ಅಡಿಕೆ ವಖಾರಿಯೊಂದರಲ್ಲಿ ನಾನು ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ವಖಾರಿಯಲ್ಲಿ ಐದು ಕಂಪ್ಯೂಟರ್‌ಗಳಿದ್ದು, ಎಲ್ಲರೂ ಬಳಸುವ ಫೋಲ್ಡರ್ ಅವುಗಳಲ್ಲೊಂದರಲ್ಲಿದೆ. ಜೋರು ಮಳೆಯ ದಿನಗಳಲ್ಲಿ ಹಳ್ಳಿಯ ಮನೆಯಿಂದಲೇ ಕೆಲಸ ಮಾಡಲೆಂದು ಯಜಮಾನರು ವಿಪಿಎನ್ ಸೌಲಭ್ಯವಿರುವ ರೌಟರ್ ಹಾಕಿಸಿದ್ದಾರೆ. ನನ್ನ ಲ್ಯಾಪ್‌ಟಾಪಿನಲ್ಲಿ ವಿಪಿಎನ್ ‘ಕನೆಕ್ಟೆಡ್’ ಎಂದು ತೋರಿಸುತ್ತದೆ. ಆದರೆ ‘ನೆಟ್‌ವರ್ಕ್’ ತೆರೆದರೆ ವಖಾರಿಯ ಒಂದು ಕಂಪ್ಯೂಟರೂ ಕಾಣುವುದಿಲ್ಲ. ರೌಟರ್ ಹಾಕಿದವರು ಮನೆಯ ಇಂಟರ್‌ನೆಟ್ ಸರಿಯಿಲ್ಲ ಎನ್ನುತ್ತಾರೆ. ಇಂಟರ್‌ನೆಟ್‌ನವರು ರೌಟರಿನ ಮೇಲೆ ಹಾಕುತ್ತಾರೆ. ತಪ್ಪು ಯಾರದು?
— ಲೆಕ್ಕಿಗರೊಬ್ಬರು, ಶಿರಸಿ ತಾಲ್ಲೂಕು

ಉತ್ತರ: ಇಬ್ಬರದೂ ಅಲ್ಲದಿರುವ ಸಾಧ್ಯತೆಯೇ ಹೆಚ್ಚು. ‘ಕನೆಕ್ಟೆಡ್’ ಎಂಬ ಪದದಿಂದ ನಾವು ನಿರೀಕ್ಷಿಸುವುದು ಬಹಳ, ಅದು ಹೇಳುವುದು ಸ್ವಲ್ಪ. ನಿಮ್ಮ ಲ್ಯಾಪ್‌ಟಾಪಿನಿಂದ ವಖಾರಿಯ ರೌಟರಿನವರೆಗೆ, ಬೇರೆಯವರು ಓದಲಾಗದಂತೆ ಗೂಢಲಿಪಿಯಲ್ಲಿ ಮಾತನಾಡುವ ದಾರಿಯೊಂದು ತೆರೆದಿದೆ ಎಂಬುದಷ್ಟೇ ಅದರ ಅರ್ಥ. ಆ ದಾರಿಯ ಕೊನೆಯಲ್ಲಿರುವ ಕಂಪ್ಯೂಟರಿನ ಹೆಸರು ನಿಮಗೆ ಸಿಗುತ್ತದೆಯೇ, ಅದರ ವಿಳಾಸ ನಿಮ್ಮ ಮನೆಯ ವಿಳಾಸದೊಡನೆ ಗೊಂದಲವಾಗುವುದಿಲ್ಲವೇ, ಅದು ನಿಮ್ಮನ್ನು ಒಳಗೆ ಬಿಟ್ಟುಕೊಳ್ಳುತ್ತದೆಯೇ ಎಂಬ ಮೂರು ಪ್ರಶ್ನೆಗಳು ಇನ್ನೂ ಬಾಕಿ ಇರುತ್ತವೆ.

ಹೆಸರಿನ ವಿಷಯ ಮೊದಲು ನೋಡೋಣ. ವಖಾರಿಯೊಳಗೆ ಕುಳಿತಾಗ ‘ನೆಟ್‌ವರ್ಕ್’ ಪುಟದಲ್ಲಿ ಅಕ್ಕಪಕ್ಕದ ಕಂಪ್ಯೂಟರ್‌ಗಳು ತಾವಾಗಿಯೇ ಮೂಡುವುದಕ್ಕೆ ಕಾರಣವೆಂದರೆ, ವಿಂಡೋಸ್ ಆ ಜಾಲದಲ್ಲಿ ಎಲ್ಲರಿಗೂ ಕೇಳುವಂತೆ ‘ಯಾರು ಯಾರು ಇದ್ದೀರಿ?’ ಎಂದು ಕೂಗಿ ಕೇಳುತ್ತದೆ, ಇದ್ದವರು ಓಗೊಡುತ್ತಾರೆ. ಈ ಕೂಗು ಒಂದು ಜಾಲದ ಗೋಡೆಯೊಳಗೆ ಮಾತ್ರ ಕೇಳಿಸುವಂಥದು. ರೌಟರ್ ಅದನ್ನು ಆಚೆಗೆ ದಾಟಿಸುವುದಿಲ್ಲ, ಆದ್ದರಿಂದ ಸಾಮಾನ್ಯ ವಿಪಿಎನ್ ಕೂಡ ಅದನ್ನು ನಿಮ್ಮ ಮನೆಯವರೆಗೆ ತರುವುದಿಲ್ಲ. ಹೀಗಾಗಿ ‘ನೆಟ್‌ವರ್ಕ್’ ಪುಟ ಖಾಲಿ ಇರುವುದು ರೋಗದ ಲಕ್ಷಣವೇ ಅಲ್ಲ. ಫೈಲ್ ಎಕ್ಸ್‌ಪ್ಲೋರರಿನ ಮೇಲ್ಭಾಗದ ವಿಳಾಸಪಟ್ಟಿಯಲ್ಲಿ ಎರಡು ಹಿಮ್ಮುಖ ಓರೆಗೆರೆ ಹಾಕಿ, ಅದರ ಮುಂದೆ ಆ ಕಂಪ್ಯೂಟರಿನ ಐಪಿ ವಿಳಾಸವನ್ನು (ಜಾಲದಲ್ಲಿ ಅದನ್ನು ಗುರುತಿಸುವ ಸಂಖ್ಯೆಯನ್ನು) ನೇರವಾಗಿ ಬರೆದು ಎಂಟರ್ ಒತ್ತಿ ನೋಡಿ. ಅನೇಕರ ಸಮಸ್ಯೆ ಇಲ್ಲಿಗೇ ಮುಗಿಯುತ್ತದೆ. ಆ ಕಂಪ್ಯೂಟರಿನ ವಿಳಾಸ ದಿನಕ್ಕೊಂದಾಗದಂತೆ ರೌಟರಿನಲ್ಲಿ ಅದಕ್ಕೊಂದು ವಿಳಾಸವನ್ನು ಕಾಯಂ ಕಾದಿರಿಸಲು ಹೇಳಿ.

ವಿಳಾಸ ಬರೆದರೂ ತೆರೆಯದಿದ್ದರೆ ಎರಡನೆಯ ಕಾರಣವನ್ನು ನೋಡಬೇಕು. ಇದನ್ನು ಕಂಡುಹಿಡಿಯುವುದು ಸುಲಭ. ಆದರೆ ಹೊಳೆಯುವುದು ಕಷ್ಟ. ಮನೆ ಮತ್ತು ಕಚೇರಿಗಳ ಒಳಜಾಲಗಳಿಗೆಂದು 1996ರಲ್ಲಿಯೇ ಮೂರು ವಿಳಾಸ ಸರಣಿಗಳನ್ನು ಮೀಸಲಿಟ್ಟಿದ್ದಾರೆ: 10ರಿಂದ ಆರಂಭವಾಗುವವು, 172.16ರಿಂದ 172.31ರವರೆಗಿನವು, ಮತ್ತು 192.168ರಿಂದ ಆರಂಭವಾಗುವವು. ಇವನ್ನು ಯಾರು ಬೇಕಾದರೂ ತಮ್ಮೊಳಗೆ ಬಳಸಿಕೊಳ್ಳಬಹುದು. ಅಂಗಡಿಯಿಂದ ತಂದ ರೌಟರ್‌ಗಳಲ್ಲಿ ಬಹುಪಾಲು 192.168.1 ಅಥವಾ 192.168.0 ಎಂಬ ಸರಣಿಯನ್ನೇ ಇಟ್ಟುಕೊಂಡು ಬಂದಿರುತ್ತವೆ, ಹಾಕಿದವರೂ ಅದನ್ನು ಮುಟ್ಟುವುದಿಲ್ಲ. ಈಗ ವಖಾರಿಯ ಕಂಪ್ಯೂಟರಿನ ವಿಳಾಸ 192.168.1.20 ಎಂದಿಟ್ಟುಕೊಳ್ಳಿ, ನಿಮ್ಮ ಮನೆಯದೂ 192.168.1 ಸರಣಿಯೇ ಎಂದಿಟ್ಟುಕೊಳ್ಳಿ. ನೀವು 192.168.1.20 ಎಂದು ಬರೆದೊಡನೆ ಲ್ಯಾಪ್‌ಟಾಪು ‘ಇದು ನಮ್ಮ ಮನೆಯದೇ’ ಎಂದು ತಿಳಿದು, ವಿಪಿಎನ್ ಕಡೆಗೆ ತಿರುಗಿಯೂ ನೋಡದೆ ಮನೆಯೊಳಗೇ ಹುಡುಕಿ ಸುಮ್ಮನಾಗುತ್ತದೆ. ಊರಿಗೊಂದು ಹಳೆ ಬಸ್‌ಸ್ಟ್ಯಾಂಡ್ ಇರುತ್ತದಷ್ಟೆ. ಕುಮಟಾದಲ್ಲಿ ನಿಂತು ಆಟೋದವನಿಗೆ ‘ಹಳೆ ಬಸ್‌ಸ್ಟ್ಯಾಂಡಿಗೆ ಬಿಡು’ ಎಂದರೆ ಅವನು ಶಿರಸಿಗೆ ಕರೆದುಕೊಂಡು ಹೋಗುವುದಿಲ್ಲ.

ಈ ಗೊಂದಲದಲ್ಲಿ ನಾನೂ ಬಿದ್ದಿದ್ದೇನೆ. ಕೆಲವು ವರ್ಷಗಳ ಹಿಂದೆ ಪರಿಚಯದವರ ಕಚೇರಿಯ ರೌಟರನ್ನು ಮನೆಯಿಂದಲೇ ಸರಿಪಡಿಸಲು ಹೊರಟು, ವಿಪಿಎನ್ ಹಚ್ಚಿಕೊಂಡು 192.168.1.1 ಎಂದು ಬರೆದೆ. ಲಾಗಿನ್ ಪುಟ ಬಂತು, ಪಾಸ್‌ವರ್ಡೂ ಹಿಡಿಯಿತು. ಎರಡೂ ಕಡೆ ನಾನೇ ಒಂದೇ ಪಾಸ್‌ವರ್ಡ್ ಇಟ್ಟಿದ್ದೆ, ಅದು ಬೇರೆಯೇ ತಪ್ಪು. ವೈಫೈಯ ಹೆಸರನ್ನು ಕಚೇರಿಯ ಹೆಸರಿಗೆ ಬದಲಿಸಿ ‘ಸೇವ್’ ಒತ್ತಿದ ಮರುಕ್ಷಣ ಪಕ್ಕದ ಕೋಣೆಯಿಂದ ಮಗಳು ‘ಅಪ್ಪಾ, ನೆಟ್ ಹೋಯ್ತು’ ಎಂದು ಕೂಗಿದಳು. ನಾನು ಸರಿಪಡಿಸುತ್ತಿದ್ದುದು ಅಟ್ಟದ ಮೇಲಿನ ನಮ್ಮದೇ ಮನೆಯ ರೌಟರನ್ನು.

ಪರೀಕ್ಷಿಸುವ ಬಗೆ ಹೀಗೆ. ವಿಪಿಎನ್ ಹಚ್ಚುವ ಮೊದಲು ಲ್ಯಾಪ್‌ಟಾಪಿನ ಕಮಾಂಡ್ ಪ್ರಾಂಪ್ಟಿನಲ್ಲಿ ಐಪಿಕಾನ್ಫಿಗ್ (ipconfig) ಆದೇಶ ಕೊಟ್ಟು ಮನೆಯ ವಿಳಾಸವನ್ನು ಬರೆದಿಟ್ಟುಕೊಳ್ಳಿ. ವಖಾರಿಯಲ್ಲೂ ಅದನ್ನೇ ಮಾಡಿ. ಚುಕ್ಕಿಗಳಿಂದ ಬೇರ್ಪಟ್ಟ ಮೊದಲ ಮೂರು ಸಂಖ್ಯೆಗಳು ಒಂದೇ ಆಗಿದ್ದರೆ ಕಾರಣ ಸಿಕ್ಕಿತು. ಇನ್ನೂ ಬೇಗ ತಿಳಿಯಬೇಕೆಂದರೆ, ಮನೆಯ ವೈಫೈ ಬಿಟ್ಟು ಮೊಬೈಲ್ ಹಾಟ್‌ಸ್ಪಾಟಿನಿಂದ ವಿಪಿಎನ್ ಹಚ್ಚಿ ನೋಡಿ. ಹಾಟ್‌ಸ್ಪಾಟುಗಳು ಸಾಮಾನ್ಯವಾಗಿ ಬೇರೆ ಸರಣಿಯನ್ನು ಬಳಸುವುದರಿಂದ ಆಗ ಎಲ್ಲವೂ ತೆರೆದುಕೊಂಡರೆ ಸಂಶಯವೇ ಉಳಿಯುವುದಿಲ್ಲ. ಬದಲಿಸಬೇಕಾದದ್ದು ವಖಾರಿಯ ಸರಣಿಯನ್ನು. ಮನೆಗಳು ಹಲವು, ವಖಾರಿ ಒಂದೇ. ನಾಳೆ ಮತ್ತೊಬ್ಬರು ಮನೆಯಿಂದ ಕೆಲಸ ಮಾಡತೊಡಗಿದರೆ ಅವರ ಮನೆಗೂ ಹೋಗಿ ರೌಟರ್ ತಿದ್ದುತ್ತ ಕೂರಲಾಗದು. 10.57.23 ಎಂಬಂಥ, ಯಾರೂ ಸುಲಭವಾಗಿ ಆರಿಸದ ಸರಣಿಯೊಂದನ್ನು ಇಟ್ಟುಕೊಳ್ಳಿ. ಅದನ್ನು ಬದಲಿಸುವ ದಿನ ಪ್ರಿಂಟರ್, ಹಾಜರಾತಿ ಯಂತ್ರ, ಸಿಸಿ ಕ್ಯಾಮೆರಾದ ಡಿವಿಆರ್ ಇವುಗಳಲ್ಲಿ ಕೈಯಿಂದ ಬರೆದಿಟ್ಟ ಹಳೆಯ ವಿಳಾಸಗಳಿದ್ದರೆ ಅವೂ ನಿಂತುಹೋಗುತ್ತವೆ. ಆದ್ದರಿಂದ ವ್ಯಾಪಾರವಿಲ್ಲದ ದಿನವೇ ಆ ಕೆಲಸಕ್ಕೆ ಕೈ ಹಾಕಿ.

ಮೂರನೆಯದು ಫೈರ್‌ವಾಲ್, ಅಂದರೆ ಜಾಲದಿಂದ ಯಾರನ್ನು ಒಳಗೆ ಬಿಡಬೇಕೆಂದು ನೋಡುವ ಕಂಪ್ಯೂಟರಿನ ಕಾವಲುಗಾರ. ವಿಪಿಎನ್ ಮೂಲಕ ಬಂದಾಗ ನಿಮ್ಮ ಲ್ಯಾಪ್‌ಟಾಪಿಗೆ 10.8.0.6 ಎಂಬಂಥ ಬೇರೆಯೇ ಸರಣಿಯ ವಿಳಾಸ ಸಿಗುವುದು ರೂಢಿ. ವಿಂಡೋಸಿನ ಫೈರ್‌ವಾಲಿನಲ್ಲಿ ಫೈಲ್ ಹಂಚಿಕೆಯ ನಿಯಮವು ಮೊದಲಿನಿಂದಲೇ ಖಾಸಗಿ ಜಾಲದಲ್ಲಿ ಅದೇ ಸರಣಿಯವರಿಗೆ ಮಾತ್ರ ಬಾಗಿಲು ತೆರೆಯುವಂತೆ ಇರುತ್ತದೆ. ಬೇರೆ ಸರಣಿಯಿಂದ ಬಂದ ನೀವು ಅದರ ಕಣ್ಣಿಗೆ ಹೊರಗಿನವರು. ಆ ನಿಯಮದ ‘ಸ್ಕೋಪ್’ ವಿಭಾಗದಲ್ಲಿ ವಿಪಿಎನ್ ಸರಣಿಯನ್ನು ಸೇರಿಸಿದರೆ ಸಾಕು. ಕೆಲವರು ಇದಕ್ಕಾಗಿ ಫೈರ್‌ವಾಲನ್ನೇ ಪೂರ್ತಿ ಆರಿಸಿಬಿಡುತ್ತಾರೆ. ಕೀಲಿ ಸಿಕ್ಕದಿದ್ದಕ್ಕೆ ಬಾಗಿಲನ್ನೇ ಕಿತ್ತು ಅಂಗಳದಲ್ಲಿ ಇಟ್ಟಂತಾಗುತ್ತದೆ. ಹಾಗೆಯೇ, ಪಿಂಗ್ ಮಾಡಿದಾಗ (‘ಇದ್ದೀಯಾ?’ ಎಂದು ಕೇಳುವ ಆದೇಶ ಕೊಟ್ಟಾಗ) ಉತ್ತರ ಬರಲಿಲ್ಲವೆಂದು ಕಂಪ್ಯೂಟರ್ ಸತ್ತಿದೆ ಎಂದುಕೊಳ್ಳಬೇಡಿ, ಏಕೆಂದರೆ ಪಿಂಗ್‌ಗೆ ಓಗೊಡುವುದನ್ನೂ ಇದೇ ಫೈರ್‌ವಾಲ್ ತಡೆದಿರಬಹುದು. ಮೊದಲು ವಖಾರಿಯ ರೌಟರಿನ ಒಳವಿಳಾಸಕ್ಕೆ ಪಿಂಗ್ ಮಾಡಿ. ಅಲ್ಲಿಂದ ಉತ್ತರ ಬಂದರೆ ದಾರಿ ಸರಿಯಿದೆ, ಉಳಿದದ್ದು ಆ ಒಂದು ಕಂಪ್ಯೂಟರಿನ ಒಳಗಿನ ವಿಷಯ. ಕೊನೆಗೆ ಹೆಸರು ಮತ್ತು ಪಾಸ್‌ವರ್ಡ್ ಕೇಳಿದರೆ, ವಖಾರಿಯ ಆ ಕಂಪ್ಯೂಟರಿನಲ್ಲಿರುವ ಖಾತೆಯದನ್ನು ಕೊಡಬೇಕು. ವಿಪಿಎನ್‌ನ ಹೆಸರು, ಪಾಸ್‌ವರ್ಡ್ ಅಲ್ಲಿ ನಡೆಯುವುದಿಲ್ಲ.

ಪ್ರಶ್ನೆ: ವಿಪಿಎನ್ ಎಲ್ಲ ದೊಡ್ಡ ಕಂಪನಿಗಳಿಗೆ, ನಿಮ್ಮಂಥವರಿಗೆ ರೌಟರಿನಲ್ಲಿ 3389 ಪೋರ್ಟ್ ತೆರೆದುಕೊಟ್ಟರೆ ಎಲ್ಲಿಂದ ಬೇಕಾದರೂ ರಿಮೋಟ್ ಡೆಸ್ಕ್‌ಟಾಪ್ ನಡೆಯುತ್ತದೆ ಎಂದು ಕಂಪ್ಯೂಟರ್ ಅಂಗಡಿಯವರು ಹೇಳುತ್ತಾರೆ. ಭಯವಿದ್ದರೆ ಪೋರ್ಟ್ ಸಂಖ್ಯೆಯನ್ನು ಬದಲಿಸಿಕೊಡುತ್ತಾರಂತೆ. ಒಪ್ಪಬಹುದೇ?
— ಮೀನು ಸಾಗಣೆ ವ್ಯವಹಾರಸ್ಥರು, ಹೊನ್ನಾವರ

ಉತ್ತರ: ದಯವಿಟ್ಟು ಒಪ್ಪಬೇಡಿ. ಈ ಅಂಕಣದಲ್ಲಿ ನಾನು ಖಡಾಖಂಡಿತವಾಗಿ ಬೇಡವೆನ್ನುವ ಸಂಗತಿಗಳು ಕಡಿಮೆ, ಇದು ಅವುಗಳಲ್ಲೊಂದು. 3389 ಎಂಬುದು, ದೂರದ ಕಂಪ್ಯೂಟರಿನ ಪರದೆಯನ್ನು ಕುಳಿತಲ್ಲೇ ತೆರೆದುಕೊಡುವ ವಿಂಡೋಸಿನ ರಿಮೋಟ್ ಡೆಸ್ಕ್‌ಟಾಪ್ ಕಾಯುತ್ತ ಕೂರುವ ಬಾಗಿಲು ಎಂಬುದು ಜಗತ್ತಿಗೇ ಗೊತ್ತು. ಇಂಟರ್‌ನೆಟ್ಟಿನ ವಿಳಾಸಗಳನ್ನು ಒಂದೊಂದಾಗಿ ತಟ್ಟುತ್ತ, ತೆರೆದ ಬಾಗಿಲು ಸಿಕ್ಕಲ್ಲಿ ಸಾವಿರಾರು ಪಾಸ್‌ವರ್ಡ್‌ಗಳನ್ನು ಪ್ರಯತ್ನಿಸುವ ತಂತ್ರಾಂಶಗಳು ಹಗಲೂ ರಾತ್ರಿ ಓಡುತ್ತಿರುತ್ತವೆ. ಹೊನ್ನಾವರದ ಮೀನಿನ ಲೆಕ್ಕ ಯಾರಿಗೆ ಬೇಕು ಎಂಬ ಸಮಾಧಾನ ಇಲ್ಲಿ ನಡೆಯುವುದಿಲ್ಲ, ಏಕೆಂದರೆ ಅವು ಬಾಗಿಲನ್ನು ನೋಡುತ್ತವೆಯೇ ಹೊರತು ಮನೆಯನ್ನು ನೋಡುವುದಿಲ್ಲ. ಪಾಸ್‌ವರ್ಡ್ ಎಷ್ಟು ಗಟ್ಟಿಯಾಗಿದ್ದರೂ ತಂತ್ರಾಂಶದಲ್ಲೇ ಬಿರುಕಿದ್ದರೆ ಪ್ರಯೋಜನವಿಲ್ಲ. 2019ರ ಮೇ ತಿಂಗಳಲ್ಲಿ ಬ್ಲೂಕೀಪ್ ಎಂಬ ದೋಷ ಹೊರಬಿದ್ದಾಗ ಪಾಸ್‌ವರ್ಡ್ ಗೊತ್ತಿಲ್ಲದವರೂ ಹಳೆಯ ವಿಂಡೋಸ್‌ಗಳ ಒಳಗೆ ನುಗ್ಗಬಹುದಾಗಿತ್ತು. ಮೈಕ್ರೋಸಾಫ್ಟ್ ತಾನು ಬೆಂಬಲ ನಿಲ್ಲಿಸಿ ವರ್ಷಗಳಾಗಿದ್ದ ಎಕ್ಸ್‌ಪಿಗೂ ಆಗ ತೇಪೆಯನ್ನು ಬಿಡುಗಡೆ ಮಾಡಬೇಕಾಯಿತು. ಪೋರ್ಟ್ ಸಂಖ್ಯೆಯನ್ನು ಬದಲಿಸಿದರೆ ಗದ್ದಲ ಕಡಿಮೆಯಾಗುತ್ತದೆ, ಅಪಾಯ ಹಾಗೆಯೇ ಉಳಿಯುತ್ತದೆ. ಇರುವುದೇ 65,536 ಪೋರ್ಟ್‌ಗಳು. ಅಷ್ಟನ್ನೂ ತಟ್ಟಿ ನೋಡುವುದು ಯಂತ್ರಕ್ಕೆ ದೊಡ್ಡ ಕೆಲಸವಲ್ಲ.

ವಿಪಿಎನ್ ದೊಡ್ಡವರಿಗೆ ಮಾತ್ರ ಎಂಬ ಮಾತೂ ಹಳತಾಯಿತು. 2020ರ ಮಾರ್ಚ್‌ನಲ್ಲಿ ಲಿನಕ್ಸ್ ಕಾರ್ಯಾಚರಣೆ ವ್ಯವಸ್ಥೆಯ ತಿರುಳಾದ ಕರ್ನೆಲ್‌ನ 5.6ನೇ ಆವೃತ್ತಿಯೊಳಗೇ ಸೇರಿಕೊಂಡ ವೈರ್‌ಗಾರ್ಡ್ ಎಂಬ ವಿಪಿಎನ್ ಬಗೆ ಈಗ ಅನೇಕ ಸಣ್ಣ ರೌಟರ್‌ಗಳಲ್ಲಿ ಸಿಗುತ್ತದೆ. ಅದರ ಒಂದು ಗುಣ ನನಗೆ ಬಹಳ ಇಷ್ಟ: ಸರಿಯಾದ ಕೀಲಿ ಇಲ್ಲದವರು ಎಷ್ಟು ತಟ್ಟಿದರೂ ಅದು ‘ಇಲ್ಲ’ ಎಂದು ಕೂಡ ಹೇಳುವುದಿಲ್ಲ, ಸುಮ್ಮನಿರುತ್ತದೆ, ತಟ್ಟಿದವರಿಗೆ ಅಲ್ಲೊಂದು ಬಾಗಿಲಿದೆ ಎಂಬುದೇ ತಿಳಿಯುವುದಿಲ್ಲ. ಓಪನ್‌ವಿಪಿಎನ್, ಐಕೆಇವಿ2 ಕೂಡ ಒಳ್ಳೆಯವೇ. ಪಿಪಿಟಿಪಿ ಮಾತ್ರ ಬೇಡ. ಹಳೆಯ ರೌಟರ್‌ಗಳ ಪಟ್ಟಿಯಲ್ಲಿ ಅದು ಇನ್ನೂ ಕಾಣುತ್ತದೆ, ಹಚ್ಚುವುದೂ ಎಲ್ಲಕ್ಕಿಂತ ಸುಲಭ, ಅಂಗಡಿಯವರು ಅದನ್ನೇ ಹಚ್ಚಿಕೊಡುವುದೂ ಉಂಟು. ಆದರೆ ಅದು ಸಾಮಾನ್ಯವಾಗಿ ನೆಚ್ಚುವ ಪಾಸ್‌ವರ್ಡ್ ವಿಧಾನವನ್ನು ಭೇದಿಸಬಹುದೆಂದು 2012ರಲ್ಲಿಯೇ ತೋರಿಸಲಾಗಿದೆ, 2016ರಲ್ಲಿ ಆಪಲ್ ತನ್ನ ಫೋನು ಮತ್ತು ಮ್ಯಾಕ್‌ಗಳಿಂದ ಅದನ್ನು ತೆಗೆದೇ ಹಾಕಿತು. ಯಾವುದನ್ನು ಆರಿಸಿಕೊಂಡರೂ ಒಬ್ಬೊಬ್ಬರಿಗೆ ಒಂದೊಂದು ಕೀಲಿ ಅಥವಾ ಖಾತೆ ಕೊಡಿಸಿ. ಕೆಲಸ ಬಿಟ್ಟು ಹೋದವರದನ್ನು ಆ ದಿನವೇ ರದ್ದು ಮಾಡಲು ಬರಬೇಕು. ಎಲ್ಲರಿಗೂ ಒಂದೇ ಪಾಸ್‌ವರ್ಡ್ ಇದ್ದರೆ ಅದು ಸಾಧ್ಯವಾಗದು.

ರೌಟರಿಗೆ ದುಡ್ಡು ಕೊಡುವ ಮೊದಲು ಇನ್ನೊಂದನ್ನು ನೋಡಿಕೊಳ್ಳಿ. ಕಚೇರಿಯ ಈಗಿನ ರೌಟರಿನ ಪುಟದಲ್ಲಿ ‘ವ್ಯಾನ್’ (WAN, ಹೊರಗಿನ ಇಂಟರ್‌ನೆಟ್ ಕಡೆಯ ಸಂಪರ್ಕ) ಎಂಬಲ್ಲಿರುವ ವಿಳಾಸ 100.64ರಿಂದ 100.127ರ ನಡುವೆ ಆರಂಭವಾಗುತ್ತಿದ್ದರೆ, ನಿಮ್ಮ ಇಂಟರ್‌ನೆಟ್ ಸಂಸ್ಥೆ ಹಲವು ಗ್ರಾಹಕರನ್ನು ಒಂದೇ ಸಾರ್ವಜನಿಕ ವಿಳಾಸದ ಹಿಂದೆ ಕೂರಿಸಿದೆ ಎಂದರ್ಥ. ವಿಳಾಸಗಳ ಕೊರತೆಯಿಂದ ಬಂದ ಏರ್ಪಾಡು ಅದು. ಅಲ್ಲಿಂದ ಹೊರಗೆ ಹೋಗಬಹುದು, ಹೊರಗಿನಿಂದ ಯಾರೂ ನಿಮ್ಮ ರೌಟರನ್ನು ತಟ್ಟಲಾರರು; ನಿಮ್ಮದೇ ವಿಪಿಎನ್ ಕೂಡ. ಆಗ ಸಂಸ್ಥೆಯಿಂದ ಸ್ಥಿರ ಸಾರ್ವಜನಿಕ ಐಪಿ ವಿಳಾಸವನ್ನು ಹಣ ಕೊಟ್ಟು ಪಡೆಯಬೇಕು, ಅಥವಾ ಎರಡೂ ಕಡೆಯವರು ಹೊರಗೆ ಹೋಗಿ ನಡುವೆ ಸಂಧಿಸುವ ಟೇಲ್‌ಸ್ಕೇಲ್, ಜೀರೋಟಿಯರ್‌ನಂಥ ಸೇವೆಯನ್ನು ಬಳಸಬೇಕು. ಮೂರು ನಾಲ್ಕು ಜನರ ಕಚೇರಿಗೆ ಎರಡನೆಯದೇ ಹಗುರವೆಂದು ನನ್ನ ಅಭಿಪ್ರಾಯ.

ಪ್ರಶ್ನೆ: ಕಚೇರಿಯ ಕಂಪ್ಯೂಟರಿನಲ್ಲಿರುವ ಲೆಕ್ಕದ ದತ್ತಾಂಶವನ್ನು ವಿಪಿಎನ್ ಮೂಲಕ ಮನೆಯ ಲ್ಯಾಪ್‌ಟಾಪಿನ ಲೆಕ್ಕದ ತಂತ್ರಾಂಶದಲ್ಲಿ ತೆರೆಯುತ್ತೇನೆ. ಕಚೇರಿಯಲ್ಲಿ ಕ್ಷಣದಲ್ಲಿ ತೆರೆಯುವ ‘ಕಂಪನಿ’ (ತಂತ್ರಾಂಶದಲ್ಲಿ ಒಂದು ಸಂಸ್ಥೆಯ ಲೆಕ್ಕದ ಕಡತ) ಮನೆಯಲ್ಲಿ ತೆರೆಯಲು ಚಹಾ ಮಾಡಿಕೊಂಡು ಬರುವಷ್ಟು ಹೊತ್ತು ಬೇಕು. ಎರಡೂ ಕಡೆ 100 ಎಂಬಿಪಿಎಸ್ ಫೈಬರ್ ಇದೆ. ಒಮ್ಮೆ ಕರೆಂಟು ಹೋಗಿ ದತ್ತಾಂಶವೇ ಕೆಟ್ಟಿತು. ಇನ್ನೂ ಹೆಚ್ಚಿನ ವೇಗದ ಪ್ಲಾನ್ ಹಾಕಿಸಬೇಕೇ?
— ಲೆಕ್ಕಪರಿಶೋಧಕರ ಸಹಾಯಕಿ, ಕುಮಟಾ

ಉತ್ತರ: ಪ್ಲಾನ್ ಬದಲಿಸಿ ಪ್ರಯೋಜನವಾಗದು. ನಿಮ್ಮ ತೊಂದರೆ ಕೊಳವೆಯ ಅಗಲದ್ದಲ್ಲ, ಹೋಗಿ ಬರುವ ಹೊತ್ತಿನದು. ಇಂಥ ತಂತ್ರಾಂಶ ಫೈಲನ್ನು ಒಂದೇ ಸಲ ತರಿಸಿಕೊಳ್ಳುವುದಿಲ್ಲ. ಈ ತುಣುಕು ಕೊಡು, ಬಂತು, ಇನ್ನು ಆ ತುಣುಕು ಕೊಡು ಎಂದು ಸಾವಿರಾರು ಸಲ ಕೇಳುತ್ತದೆ. ಕಚೇರಿಯೊಳಗೆ ಒಂದು ಸಲ ಕೇಳಿ ಉತ್ತರ ಬರಲು ಒಂದು ಮಿಲಿಸೆಕೆಂಡಿಗಿಂತಲೂ ಕಡಿಮೆ ಸಾಕು. ಮನೆಯಿಂದ ವಿಪಿಎನ್ ಮೂಲಕ ಅದು 40 ಮಿಲಿಸೆಕೆಂಡ್ ಎಂದುಕೊಳ್ಳಿ. ಒಂದು ಕಂಪನಿ ತೆರೆಯಲು 6,000 ಸಲ ಕೇಳಬೇಕಾದರೆ ಕಚೇರಿಯಲ್ಲಿ 6 ಸೆಕೆಂಡಿನೊಳಗೆ ಮುಗಿಯುವ ಕೆಲಸಕ್ಕೆ ನಿಮ್ಮಲ್ಲಿ 240 ಸೆಕೆಂಡ್, ಅಂದರೆ ನಾಲ್ಕು ನಿಮಿಷ ಬೇಕಾಗುತ್ತದೆ. ನಿಮ್ಮ ಚಹಾದ ಲೆಕ್ಕ ಸರಿಯಾಗಿಯೇ ಇದೆ. ವೇಗವನ್ನು 300 ಎಂಬಿಪಿಎಸ್ ಮಾಡಿದರೂ ಆ 40 ಮಿಲಿಸೆಕೆಂಡ್ ಹಾಗೆಯೇ ಇರುತ್ತದೆ. ಬರೆಯುವ ನಡುವೆ ಸಂಪರ್ಕ ಕಡಿದರೆ ಅರ್ಧ ಬರೆದ ದಾಖಲೆ ಉಳಿದು ದತ್ತಾಂಶ ಕೆಡುವುದೂ ಇದೇ ಪದ್ಧತಿಯ ಫಲ.

ದತ್ತಾಂಶವನ್ನು ಮನೆಗೆ ಎಳೆದು ತರುವ ಬದಲು ನೀವೇ ಅಲ್ಲಿಗೆ ಹೋಗಿ. ಮೊದಲು ವಿಪಿಎನ್ ಹಚ್ಚಿ, ಅದರೊಳಗಿನಿಂದ ರಿಮೋಟ್ ಡೆಸ್ಕ್‌ಟಾಪ್ ಮೂಲಕ ಕಚೇರಿಯಲ್ಲಿನ ನಿಮ್ಮ ಕಂಪ್ಯೂಟರನ್ನೇ ತೆರೆದು, ಅಲ್ಲಿರುವ ತಂತ್ರಾಂಶದಲ್ಲಿ ಕೆಲಸ ಮಾಡಿ. ಆಗ ದಾರಿಯಲ್ಲಿ ಓಡಾಡುವುದು ಪರದೆಯ ಚಿತ್ರ, ಕೀಲಿಮಣೆಯ ಒತ್ತು, ಮೌಸಿನ ಚಲನೆ ಮಾತ್ರ. ಕರೆಂಟು ಹೋಗಿ ನಿಮ್ಮ ಮನೆ ಕತ್ತಲಾದರೂ ಕಚೇರಿಯ ಕಂಪ್ಯೂಟರ್ ಕಡತವನ್ನು ಹಿಡಿದುಕೊಂಡು ನಿಂತಿರುತ್ತದೆ. ಮರಳಿ ಬಂದಾಗ ಅರ್ಧ ಬರೆದ ವೋಚರ್ ಪರದೆಯ ಮೇಲೆ ಹಾಗೆಯೇ ಇರುತ್ತದೆ.

ಎರಡು ಮಿತಿಗಳಿವೆ. ಕಚೇರಿಯ ಕಂಪ್ಯೂಟರಿನಲ್ಲಿ ವಿಂಡೋಸ್ ಪ್ರೊ ಇರಬೇಕು; ಹೋಮ್ ಆವೃತ್ತಿ ಬೇರೆ ಕಂಪ್ಯೂಟರಿಗೆ ಹೋಗಬಲ್ಲುದು, ತನ್ನೊಳಗೆ ಯಾರನ್ನೂ ಈ ರೀತಿ ಬಿಟ್ಟುಕೊಳ್ಳದು. ಮತ್ತು ಒಂದು ಸಲಕ್ಕೆ ಒಬ್ಬರೇ: ನೀವು ಮನೆಯಿಂದ ಪ್ರವೇಶಿಸಿದರೆ ಅಲ್ಲಿ ಕುಳಿತವರ ಪರದೆಗೆ ಬೀಗ ಬೀಳುತ್ತದೆ. ಆದ್ದರಿಂದ ಎಲ್ಲರೂ ಬಳಸುವ ಯಂತ್ರಕ್ಕೆ ಹೋಗದೆ ನಿಮ್ಮ ಮೇಜಿನದಕ್ಕೇ ಹೋಗಿ. ‘ನುಡಿ’ ತಂತ್ರಾಂಶದಲ್ಲಿ ಕನ್ನಡ ಬೆರಳಚ್ಚು ಮಾಡುವವರಾದರೆ ಕಚೇರಿಯ ಕಂಪ್ಯೂಟರಿನಲ್ಲಿ ಮಾತ್ರ ಅದನ್ನು ಚಾಲೂ ಇಟ್ಟುಕೊಳ್ಳಿ. ಎರಡೂ ಕಡೆ ಚಾಲೂ ಇದ್ದರೆ ಅಕ್ಷರಗಳು ಕಲಸಿಹೋಗಬಹುದು.

ಪ್ರಶ್ನೆ: ವಿಪಿಎನ್‌ನಲ್ಲಿ ಸಣ್ಣ ಪತ್ರಗಳು ತೆರೆಯುತ್ತವೆ, ಸ್ಕ್ಯಾನ್ ಮಾಡಿದ ದೊಡ್ಡ ಪಿಡಿಎಫ್‌ಗಳು ಅರ್ಧಕ್ಕೆ ನಿಂತುಬಿಡುತ್ತವೆ. ವಿಪಿಎನ್ ಇಲ್ಲದಾಗ ಇಂಟರ್‌ನೆಟ್ ಸರಿಯಾಗಿಯೇ ಇದೆ.
— ವಕೀಲರೊಬ್ಬರು, ಅಂಕೋಲಾ

ಉತ್ತರ: ಎಂಟಿಯು ಎಂಬ ಅಳತೆಯನ್ನು ನೋಡಿ. ಜಾಲದಲ್ಲಿ ಮಾಹಿತಿ ಸಣ್ಣ ಸಣ್ಣ ಕಟ್ಟುಗಳಾಗಿ ಹೋಗುತ್ತದೆ; ಒಂದು ಕಟ್ಟಿನಲ್ಲಿ ಎಷ್ಟು ಬೈಟ್‌ಗಳನ್ನು ಕಳಿಸಬಹುದೆಂಬ ಮಿತಿ ಅದು, ಸಾಮಾನ್ಯವಾಗಿ 1,500. ಹೆಸರು, ಪಾಸ್‌ವರ್ಡ್ ಕೊಟ್ಟು ಸೇರುವ ಪಿಪಿಪಿಒಇ ಬಗೆಯ ಫೈಬರ್ ಸಂಪರ್ಕದಲ್ಲಿ 8 ಬೈಟ್ ಅದಕ್ಕೇ ಹೋಗಿ 1,492 ಉಳಿಯುತ್ತದೆ, ವಿಪಿಎನ್ ತನ್ನ ಹೊದಿಕೆಗೆಂದು ಮತ್ತಷ್ಟು ತೆಗೆದುಕೊಳ್ಳುತ್ತದೆ. ಸಣ್ಣ ಕಟ್ಟುಗಳು ದಾಟುತ್ತವೆ, ತುಂಬಿದ ಕಟ್ಟುಗಳು ದಾರಿಯಲ್ಲಿ ಸದ್ದಿಲ್ಲದೆ ಬಿದ್ದುಹೋಗುತ್ತವೆ. ವೈರ್‌ಗಾರ್ಡ್ ಆಗಿದ್ದರೆ ಅದರಲ್ಲಿನ 1,420 ಎಂಬುದನ್ನು 1,412ಕ್ಕೆ ಇಳಿಸಿ. ಬೇರೆಯದಾಗಿದ್ದರೆ 1,350 ಇಟ್ಟು ನೋಡಿ.

ಪ್ರಶ್ನೆ: 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66 ಬಂದಾದಾಗ ಕುಮಟಾ ಕಡೆಯ ನಾನು ಕಾರವಾರದ ಕಚೇರಿಗೆ ಹೋಗಲಾಗಲಿಲ್ಲ. ವಿಪಿಎನ್ ಹತ್ತಿತು, ಆದರೆ ನನ್ನ ಮೇಜಿನ ಕಂಪ್ಯೂಟರ್ ಆರಿತ್ತು. ಒತ್ತಲು ಅಲ್ಲಿ ಯಾರೂ ಇರಲಿಲ್ಲ. ದೂರದಿಂದ ಕಂಪ್ಯೂಟರನ್ನು ಚಾಲೂ ಮಾಡುವ ಉಪಾಯವಿದೆಯೇ?
— ಖಾಸಗಿ ಕಚೇರಿಯ ನೌಕರರು

ಉತ್ತರ: ಇದೆ, ಆದರೆ ಅದರ ತಯಾರಿಯನ್ನು ರಸ್ತೆ ತೆರೆದಿರುವಾಗಲೇ ಮಾಡಿಕೊಂಡಿರಬೇಕು. ಬಯೋಸ್ ಎಂಬ, ಕಂಪ್ಯೂಟರ್ ಚಾಲೂ ಆಗುವಾಗ ಡಿಲೀಟ್ ಅಥವಾ ಎಫ್2 ಒತ್ತಿದರೆ ತೆರೆಯುವ ಪುಟದಲ್ಲಿ, ವಿದ್ಯುತ್ ಹೋಗಿ ಬಂದಾಗ ಏನು ಮಾಡಬೇಕೆಂಬ ಆಯ್ಕೆ ಇರುತ್ತದೆ. ಅದನ್ನು ‘ಆನ್’ ಎಂದಿಟ್ಟರೆ ಕರೆಂಟು ಮರಳಿದೊಡನೆ ಯಂತ್ರ ತಾನೇ ಏಳುತ್ತದೆ. ನಮ್ಮ ಕಡೆಯ ಮಳೆಗಾಲಕ್ಕೆ ಇದೊಂದೇ ಆಯ್ಕೆ ಅರ್ಧ ಸಮಸ್ಯೆಯನ್ನು ಕಳೆಯುತ್ತದೆ.

ಉಳಿದರ್ಧಕ್ಕೆ ವೇಕ್ ಆನ್ ಲ್ಯಾನ್ ಇದೆ. ಆರಿದ ಕಂಪ್ಯೂಟರಿನ ನೆಟ್‌ವರ್ಕ್ ಕಾರ್ಡ್ ಅರೆನಿದ್ದೆಯಲ್ಲಿ ಎಚ್ಚರವಿರುತ್ತದೆ. ಆರು ಸಲ 255 ಎಂಬ ಬೈಟ್, ಅದರ ಹಿಂದೆ ಆ ಯಂತ್ರದ ಮ್ಯಾಕ್ ವಿಳಾಸ (ಆ ಕಾರ್ಡಿನ ಗುರುತು ಸಂಖ್ಯೆ) 16 ಸಲ ಬರೆದಿರುವ ಕಟ್ಟೊಂದು ಬಂದರೆ ಅದು ಯಜಮಾನನನ್ನು ಎಬ್ಬಿಸುತ್ತದೆ. ಹೆಸರು ಹಿಡಿದು ಹದಿನಾರು ಸಲ ಕರೆದ ಮೇಲೆ ಏಳದವರು ಯಾರು! ಆದರೆ ಶಿರಸಿಯ ಲೆಕ್ಕಿಗರಿಗೆ ಹೇಳಿದ ಮಾತು ಇಲ್ಲಿಯೂ ಬರುತ್ತದೆ: ಈ ಕೂಗು ಕೂಡ ರೌಟರನ್ನು ದಾಟುವಂಥದಲ್ಲ. ಆದ್ದರಿಂದ ವಿಪಿಎನ್ ಮೂಲಕ ಕಚೇರಿಯ ರೌಟರಿನ ಪುಟಕ್ಕೆ ಹೋಗಿ, ಅದರೊಳಗಿರುವ ವೇಕ್ ಆನ್ ಲ್ಯಾನ್ ಗುಂಡಿಯನ್ನು ಒತ್ತಿ ಅಲ್ಲಿಂದಲೇ ಕೂಗಿಸಬೇಕು. ಯಂತ್ರಕ್ಕೆ ವೈಫೈ ಸಾಲದು, ತಂತಿಯೇ ಬೇಕು.

ಅನೇಕ ಸಲ ಕಂಪ್ಯೂಟರನ್ನು ಆರಿಸಿದವರು ನಾವೇ ಆಗಿರುತ್ತೇವೆ. ಸಂಜೆ ರಿಮೋಟ್ ಡೆಸ್ಕ್‌ಟಾಪಿನ ಕೆಲಸ ಮುಗಿಸಿ, ಕೈರೂಢಿಯಿಂದ ‘ಶಟ್ ಡೌನ್’ ಒತ್ತಿಬಿಡುತ್ತೇವೆ. ಆರುವುದು ಮುಂದಿರುವ ಲ್ಯಾಪ್‌ಟಾಪಲ್ಲ, ಕಾರವಾರದ ಯಂತ್ರ. ‘ಡಿಸ್ಕನೆಕ್ಟ್’ ಅಥವಾ ‘ಸೈನ್ ಔಟ್’ ಮಾತ್ರ ಬಳಸಿ. ಯಂತ್ರ ತಾನಾಗಿ ನಿದ್ದೆಗೆ ಜಾರುವ ‘ಸ್ಲೀಪ್’ ಅನ್ನೂ ತೆಗೆದುಬಿಡಿ. ಡಿಸ್ಕಿಗೆ ಗೂಢಲಿಪಿಯ ಬೀಗ ಹಾಕುವ ಬಿಟ್‌ಲಾಕರಿನ ಪಿನ್ ಇಟ್ಟಿದ್ದರೆ ಯಂತ್ರ ಎದ್ದರೂ ಪಿನ್ ಕೇಳುತ್ತ ನಿಂತಿರುತ್ತದೆ ಎಂಬುದೂ ನೆನಪಿರಲಿ. ಮತ್ತು ಯುಪಿಎಸ್‌ನ ಒಂದು ಸಾಕೆಟ್ಟನ್ನು ರೌಟರಿಗೂ ಫೈಬರಿನ ಓಎನ್‌ಟಿ ಪೆಟ್ಟಿಗೆಗೂ ಬಿಟ್ಟುಕೊಡಿ. ಕಂಪ್ಯೂಟರಿಗೆ ದೊಡ್ಡ ಯುಪಿಎಸ್ ಇಟ್ಟು, ಅಂಗೈಯಗಲದ ಆ ಎರಡು ಪೆಟ್ಟಿಗೆಗಳನ್ನು ನೇರ ಗೋಡೆಯ ಪ್ಲಗ್ಗಿಗೆ ಚುಚ್ಚಿರುವ ಕಚೇರಿಗಳನ್ನು ನಾನು ಕಂಡಿದ್ದೇನೆ. ಅಲ್ಲಿ ಕರೆಂಟು ಹೋದಾಗ ಕಂಪ್ಯೂಟರ್ ಜೀವಂತವಿರುತ್ತದೆ, ಅದನ್ನು ತಲುಪಲು ದಾರಿಯೇ ಇರುವುದಿಲ್ಲ.

ಪ್ರಶ್ನೆ: ಮೊಬೈಲಿನಲ್ಲಿ ಸಿಗುವ ಉಚಿತ ವಿಪಿಎನ್ ಆ್ಯಪ್ ಹಾಕಿಕೊಂಡರೆ ನಮ್ಮ ಸಹಕಾರಿ ಸಂಘದ ಕಂಪ್ಯೂಟರ್ ತೆರೆಯಬಹುದೇ? ವಿಪಿಎನ್ ಬಳಸುವುದು ಕಾನೂನಿಗೆ ವಿರುದ್ಧವೆಂದೂ ಕೇಳಿದ್ದೇನೆ. ಮನೆಯಲ್ಲಿರುವ ಒಂದೇ ಕಂಪ್ಯೂಟರನ್ನು ಮಕ್ಕಳೂ ಬಳಸುತ್ತಾರೆ.
— ಸಂಘದ ಗುಮಾಸ್ತರು, ಯಲ್ಲಾಪುರ

ಉತ್ತರ: ತೆರೆಯಲಾಗದು. ಹೆಸರು ಒಂದೇ ಆದರೂ ವಸ್ತು ಬೇರೆ. ಆ ಆ್ಯಪ್ ನಿಮ್ಮನ್ನು ಅದರ ಮಾಲೀಕರ ಸರ್ವರಿಗೆ, ಎಲ್ಲೋ ಬೇರೆ ದೇಶಕ್ಕೆ ತಲುಪಿಸುತ್ತದೆ. ಸಂಘದ ಕಚೇರಿಯ ದಾರಿ ಅದಕ್ಕೆ ಗೊತ್ತಿಲ್ಲ. ನಿಮಗೆ ಬೇಕಾದದ್ದು ಸಂಘದ ರೌಟರಿನಲ್ಲೇ ಕೊನೆಗೊಳ್ಳುವ ವಿಪಿಎನ್.

ವಿಪಿಎನ್ ಬಳಕೆಗೆ ನಮ್ಮ ದೇಶದಲ್ಲಿ ಸಾರ್ವತ್ರಿಕ ನಿಷೇಧವಿಲ್ಲ. ನೀವು ಕೇಳಿದ್ದು ಬಹುಶಃ 2022ರ ಏಪ್ರಿಲ್ 28ರಂದು ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆಯಾದ ಸರ್ಟ್-ಇನ್ ಹೊರಡಿಸಿದ ನಿರ್ದೇಶನಗಳ ಸುದ್ದಿ. ಸಾರ್ವಜನಿಕರಿಗೆ ವಿಪಿಎನ್ ಸೇವೆ ಮಾರುವ ಕಂಪನಿಗಳು ಗ್ರಾಹಕರ ವಿವರಗಳನ್ನು ಐದು ವರ್ಷ ಇಟ್ಟುಕೊಳ್ಳಬೇಕೆಂದು ಅದರಲ್ಲಿತ್ತು, ಕೆಲವು ವಿದೇಶಿ ಕಂಪನಿಗಳು ಆಗ ತಮ್ಮ ಸರ್ವರ್‌ಗಳನ್ನು ಭಾರತದಿಂದ ತೆಗೆದವು. ಸಂಸ್ಥೆಗಳು ತಮ್ಮ ಸಿಬ್ಬಂದಿಗಾಗಿ ನಡೆಸುವ ವಿಪಿಎನ್‌ಗೆ ಆ ದಾಖಲೆಯ ನಿಯಮ ಅನ್ವಯಿಸುವುದಿಲ್ಲವೆಂದು ಸರ್ಟ್-ಇನ್ ಸ್ಪಷ್ಟಪಡಿಸಿದೆ. ಆದರೆ ಸೈಬರ್ ದಾಳಿಯಾದರೆ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕೆಂಬ ಅದೇ ನಿರ್ದೇಶನದ ಇನ್ನೊಂದು ಅಂಶ ಸಂಸ್ಥೆಗಳಿಗೂ ಅನ್ವಯಿಸುತ್ತದೆ. ಕಾರ್ಯದರ್ಶಿಯವರ ಗಮನಕ್ಕೆ ತನ್ನಿ.

ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ಚಿಂತೆಯಾದದ್ದು ಕೊನೆಯ ವಾಕ್ಯ. ವಿಪಿಎನ್ ದಾರಿಯನ್ನು ಕಾಯುತ್ತದೆ, ದಾರಿಯ ಈ ತುದಿಯಲ್ಲಿ ಕುಳಿತವರು ಯಾರೆಂದು ನೋಡುವುದಿಲ್ಲ. ಮಕ್ಕಳು ಎಲ್ಲಿಂದಲೋ ಇಳಿಸಿಕೊಂಡ ಆಟದಲ್ಲಿ ದುಷ್ಟ ತಂತ್ರಾಂಶವಿದ್ದರೆ ಅದೂ ನಿಮ್ಮ ಹಿಂದೆಯೇ ಸದಸ್ಯರ ಸಾಲದ ಕಡತಗಳವರೆಗೆ ನಡೆದು ಹೋಗಬಲ್ಲುದು. ಸಂಘದಿಂದ ಹಳೆಯದಾದರೂ ಸರಿ ಒಂದು ಲ್ಯಾಪ್‌ಟಾಪನ್ನು ಕೇಳಿ ಪಡೆಯಿರಿ. ಅದು ಸಿಗುವವರೆಗೆ ಮನೆಯ ಕಂಪ್ಯೂಟರಿನಲ್ಲಿ ನಿಮಗೆ ಪ್ರತ್ಯೇಕ ಬಳಕೆದಾರ ಖಾತೆ ಮಾಡಿಕೊಂಡು ಮಕ್ಕಳ ಖಾತೆಯಿಂದ ಅಡ್ಮಿನ್ ಅಧಿಕಾರ ತೆಗೆಯಿರಿ. ವಿಪಿಎನ್‌ನ ಪಾಸ್‌ವರ್ಡನ್ನು ಉಳಿಸಿಡಬೇಡಿ. ಫೋಲ್ಡರ್ ಹಂಚಿಕೆಗೆ ವಿಪಿಎನ್‌ನಿಂದ ಬರುವವರಿಗೆ ಬಾಗಿಲು ಮುಚ್ಚಿಸಿ, ಒಂದೇ ಒಂದು ಕಂಪ್ಯೂಟರಿನ ರಿಮೋಟ್ ಡೆಸ್ಕ್‌ಟಾಪನ್ನು ಮಾತ್ರ ತೆರೆದಿಡುವಂತೆ ರೌಟರ್ ಹಾಕುವವರಿಗೆ ಹೇಳಿ. ಕೆಲಸ ಮುಗಿದ ಮೇಲೆ ಮಗನಿಗೆ ಕುರ್ಚಿ ಬಿಟ್ಟುಕೊಡುವ ಮೊದಲು ವಿಪಿಎನ್ ಕಡಿಯಿರಿ.